ತಾತ ಬಡಿಯದೆ ಬಿಟ್ಟ ಬಾಗಿಲು

ಒದ್ದೆ ಗೋಣಿಚೀಲ ಸುಟ್ಟ ವಾಸನೆ ಒಮ್ಮೆಗೇ ಬರುವುದಿಲ್ಲ. ಮೊದಲು ಸೀಮೆಎಣ್ಣೆಯ ಘಾಟು, ಅದರ ಹಿಂದೆ ಸೆಣಬಿನ ಕಮಟು, ಕೊನೆಗೆ ಹಸಿ ಬೇವಿನ ಸೊಪ್ಪಿನ ಕಹಿ... ಹೋದ ಭಾನುವಾರ ಸಂಜೆ ದೇವದುರ್ಗದಲ್ಲಿ, ನಾನು ಬಾಡಿಗೆಗಿರುವ ಮನೆಯ ಹಿಂದಿನ ಸಾಲಿನಲ್ಲಿ, ಯಾರೋ ನೀರಿನ ಟ್ಯಾಂಕಿನ ಕೆಳಗಿದ್ದ ಕಡಜದ ಗೂಡಿಗೆ ಹೊಗೆ ಹಾಕಿದರು. ಮಕ್ಕಳ ಗಣಿತದ ಉತ್ತರಪತ್ರಿಕೆ ತಿದ್ದುತ್ತಾ ಕುಳಿತಿದ್ದವಳು ಪೆನ್ನು ಕೆಳಗಿಟ್ಟು ಎದ್ದೆ. ಕಿಟಕಿ ಮುಚ್ಚಿದೆ. ಮುಂದಿನ ಬಾಗಿಲು ಹಾಕಿದೆ, ಹಿಂದಿನದೂ ಹಾಕಿದೆ. ಆಮೇಲೆ ಮಾನ್ವಿಯಲ್ಲಿರುವ ಅವ್ವನಿಗೆ ಫೋನು ಮಾಡಿ, ಮನೆಯ ಒಳಗಿದ್ದೀಯೋ ಹೊರಗಿದ್ದೀಯೋ ಎಂದು ಕೇಳಿದೆ.

"ಒಳಗೇ ಅದೀನಿ. ಯಾಕ?" ಎಂದಳು.

ದೇವದುರ್ಗದಲ್ಲಿ ಹೊಗೆ ಎದ್ದರೆ ಮಾನ್ವಿಯಲ್ಲಿರುವವಳಿಗೆ ಏನೂ ಆಗುವುದಿಲ್ಲ ಎಂಬುದು ನನಗೂ ಗೊತ್ತಿದೆ. ವಾಸನೆಯ ವಿಷಯ ಹೇಳಿದೆ. ಅವ್ವ, "ಶನಿವಾರ ಬಾ, ಮಾತಾಡೋಣು" ಎಂದು ಫೋನು ಇಟ್ಟಳು. ಅವತ್ತಿನಿಂದ ಈ ವಾರವಿಡೀ ತಾತ ನೆನಪಾಗುತ್ತಲೇ ಇದ್ದಾನೆ.

ತಾತ ಎಂದರೆ ಸ್ವಂತ ತಾತನಲ್ಲ. ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲುಗಳ ಹಿಂದಿನ ಒಂದು ಗಲ್ಲಿಯಲ್ಲಿ ನಾವು ಬಾಡಿಗೆಗಿದ್ದಾಗ ಎದುರು ಸಾಲಿನಲ್ಲಿದ್ದ ಹಿರಿಯ. ಗಲ್ಲಿಯ ಮಕ್ಕಳಿಗೆಲ್ಲ ಅವನು ತಾತನೇ. ಮಿಲ್ಲಿನಲ್ಲಿ ಮೇಸ್ತ್ರಿಯಾಗಿ ದುಡಿದು ನಿವೃತ್ತನಾಗಿದ್ದ. ಹತ್ತಿಯ ಧೂಳು ಕುಡಿದು ಕುಡಿದು ಬಂದ ಕೆಮ್ಮು ಅವನಿಗಿಂತ ಮೊದಲು ಗಲ್ಲಿಯ ತಿರುವು ದಾಟಿ ಬರುತ್ತಿತ್ತು. ಅವನ ಮನೆಯ ಮುಂದೆ ದೊಡ್ಡ ಬೇವಿನ ಮರ, ಮರದ ಸುತ್ತ ಕಟ್ಟೆ.

ಅಪ್ಪ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಅವನ ಊರು ಜಾಲಹಳ್ಳಿಯ ಹತ್ತಿರ. ಆ ಊರಿನಲ್ಲಿ ನಮ್ಮವರ ಮನೆಗಳು ಈಗಲೂ ಉಳಿದ ಮನೆಗಳಿಂದ ಸ್ವಲ್ಪ ದೂರವೇ ಇವೆ. ನೌಕರಿ ಸಿಕ್ಕು ಪಟ್ಟಣಕ್ಕೆ ಬಂದ ಅಪ್ಪ ಮಾಡಿದ ಮೊದಲ ಕೆಲಸವೆಂದರೆ ಮುಂದಿನ ಕೋಣೆಯ ಗೋಡೆಗೆ ಬುದ್ಧನ ದೊಡ್ಡ ಪಟ ಹಾಕಿದ್ದು. ಬಾಗಿಲು ತೆರೆದಿದ್ದರೆ ಅದು ರಸ್ತೆಗೇ ಕಾಣುತ್ತಿತ್ತು. ಹಾಗಾಗಿ ನಾವು ಯಾವ ಜನ ಎಂದು ಗಲ್ಲಿಯಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ತಾತನಿಗೂ ಮೊದಲ ದಿನದಿಂದಲೇ ಗೊತ್ತಿತ್ತು. ಇದನ್ನು ಈಗಲೇ ಹೇಳಿಬಿಡುತ್ತೇನೆ. ಅವನಿಗೆ ಆಮೇಲೆ ತಿಳಿಯಿತು, ತಿಳಿದ ಮೇಲೆ ಬದಲಾದ ಎಂದಿದ್ದರೆ ನನಗೆ ಅರ್ಥ ಮಾಡಿಕೊಳ್ಳುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ.

ರಾಯಚೂರಿನ ಬಿಸಿಲು ನೆತ್ತಿಗೇರುವ ಹೊತ್ತಿಗೆ ಕಡಜಗಳು ಗೂಡು ಕಟ್ಟಲು ನೆರಳು ಹುಡುಕುತ್ತವೆ. ಮನೆಯ ಸಜ್ಜಾದ ಕೆಳಗೆ, ಮೀಟರ್ ಡಬ್ಬಿಯೊಳಗೆ, ಮಳೆಗಾಲದಲ್ಲಿ ಮೂಲೆಗೆ ಸರಿಸಿದ್ದ ಕೂಲರಿನ ಹುಲ್ಲಿನ ಹಿಂದೆ. ಕಪ್ಪು ಮೈ, ಹೊಟ್ಟೆಯ ಮೇಲೆ ಅಗಲ ಹಳದಿ ಪಟ್ಟಿ, ಹಾರಿದರೆ ಸಣ್ಣ ಮೋಟಾರಿನ ಸದ್ದು. ನಮ್ಮ ಪಕ್ಕದ ಮನೆಯ ತೆಲುಗು ಆಂಟಿ ಅದನ್ನು ಕಂದಿರೀಗ ಅನ್ನುತ್ತಿದ್ದಳು. ಯಾರ ಮನೆಯಲ್ಲಿ ಗೂಡು ಕಂಡರೂ ಮೊದಲು ಕೂಗುತ್ತಿದ್ದುದು ತಾತನನ್ನು. ಅವನು ಬಂದು, ಸೊಂಟದ ಮೇಲೆ ಕೈಯಿಟ್ಟು, ತಲೆಯೆತ್ತಿ ನೋಡಿ, ಇದನ್ನು ತೆಗೆಯಬೇಕೋ ಬಿಡಬೇಕೋ ಎಂದು ಹೇಳುತ್ತಿದ್ದ.

ಎಲ್ಲವನ್ನೂ ತೆಗೆಯುತ್ತಿರಲಿಲ್ಲ. ನನ್ನ ಪುಸ್ತಕದ ಗೂಡಿನಲ್ಲಿ ಕುಂಬಾರ ಹುಳ ಒಂದು ಮಣ್ಣಿನ ಗೂಡು ಕಟ್ಟಿತ್ತು. ಸ್ಕೇಲಿನಿಂದ ಕೆರೆಯಲು ಹೋದವಳ ಕೈ ಹಿಡಿದ. "ಬ್ಯಾಡಲೇ ಹುಡುಗಿ. ಅದು ಯಾರಿಗೂ ಏನೂ ಮಾಡಾಕಿಲ್ಲ. ನಿಮ್ಮಪ್ಪಗಿಂತ ಛಲೋ ಮನಿ ಕಟ್ಯಾದ ನೋಡು. ಬಾಡಿಗಿ ಇಲ್ಲ, ಓನರ್ ಕಾಟ ಇಲ್ಲ." ಅಪ್ಪ ಒಳಗಿನಿಂದ, "ಯಪ್ಪಾ, ಕರೆಂಟ್ ನಾ ಕೊಡ್ತೀನಿ ಅಂತ ಹೇಳು ಅದಕ್ಕ" ಎಂದು ನಕ್ಕಿದ್ದ.

ತೆಗೆಯಲೇಬೇಕಾದ ಗೂಡಿಗೆ ತಾತನದೊಂದು ಕ್ರಮವಿತ್ತು. ಹೊತ್ತು ಮುಳುಗಬೇಕು, ಮೇಯಲು ಹೋದ ಹುಳುಗಳೆಲ್ಲ ಗೂಡು ಸೇರಬೇಕು. ಉದ್ದ ಬೊಂಬಿನ ತುದಿಗೆ ಮಿಲ್ಲಿನಿಂದ ತಂದ ಹಳೆ ಗೋಣಿ ಸುತ್ತಿ, ಅರ್ಧ ನೀರಿನಲ್ಲಿ, ಅರ್ಧ ಸೀಮೆಎಣ್ಣೆಯಲ್ಲಿ ಅದ್ದಿ, ಮೇಲೆ ಬೇವಿನ ಸೊಪ್ಪು ಕಟ್ಟುತ್ತಿದ್ದ. ಆದರೆ ಕಡ್ಡಿ ಗೀರುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕಿಂತ ಮೊದಲು ಗಲ್ಲಿಯ ಎಂಟೂ ಮನೆಗಳಿಗೆ ಹೋಗಿ ಬೊಂಬಿನ ಬುಡದಿಂದ ಬಾಗಿಲು ಬಡಿಯುತ್ತಿದ್ದ. "ಬಾಗ್ಲ ಹಾಕ್ಕೋರಿ... ಹುಳ ಎಬ್ಬಿಸಾಕತ್ತೀನಿ!" ಬಡಿದು ಮುಂದೆ ಹೋಗುವಂತಿರಲಿಲ್ಲ. ಒಳಗಿನಿಂದ "ಹಾಕೀವಿ ತಾತ" ಎಂಬ ಮಾತು ಬರುವ ತನಕ ಅಲ್ಲೇ ನಿಲ್ಲುತ್ತಿದ್ದ. ಗಲ್ಲಿಯ ಕೊನೆಯ ಮನೆಯಲ್ಲಿ ಕಿವಿ ಕೇಳದ ಮುದುಕಿಯೊಬ್ಬಳಿದ್ದಳು. ಅವಳ ಕಿಟಕಿಯ ಸರಳನ್ನು ಕುಟ್ಟಿ ಕುಟ್ಟಿ, ಕೊನೆಗೆ ಅವಳು, "ಸತ್ತಿಲ್ಲ ಇನ್ನಾ, ಹಾಕೀನಿ ಹೋಗೋ!" ಎಂದು ಬೈದ ಮೇಲೆಯೇ ಅವನಿಗೆ ಸಮಾಧಾನ. ತೆಲುಗು ಆಂಟಿ, "ಏಸಾಂ ಏಸಾಂ, ನುವ್ವು ಪೋ ತಾತಾ" ಎಂದು, ಹಾಕಿದ್ದೇವೆ ನೀನು ಹೋಗು ಎಂದು ತನ್ನ ಮಾತಿನಲ್ಲಿ ಅಣಕಿಸುತ್ತಿದ್ದಳು.

ಇಷ್ಟು ಯಾಕೆ ಎಂದು ನಾನೊಮ್ಮೆ ಕೇಳಿದ್ದೆ.

"ಜವಾಬು ಬರೋತನ ಕಡ್ಡಿ ಗೀರಬಾರ್ದು ಯವ್ವಾ. ನಾ ಒದರಿದ್ದು ಲೆಕ್ಕಕ್ಕಿಲ್ಲ, ಅವರಿಗೆ ಕೇಳಿಸಿದ್ದು ಲೆಕ್ಕ."

ಲೆಕ್ಕ ಎಂದರೆ ನನಗೆ ಮೊದಲಿನಿಂದ ಪ್ರೀತಿ. ಆರನೇ ತರಗತಿಯಿಂದ ದಿನಚರಿ ಬರೆಯುತ್ತೇನೆ. ಅದರಲ್ಲಿ ಮನಸ್ಸಿನ ಮಾತು ಕಡಿಮೆ. ಯಾವ ವಾರ ಯಾರು ಬಂದರು, ಎಷ್ಟು ದಿನ ನೀರು ಬರಲಿಲ್ಲ, ತಾತ ಯಾರ ಮನೆಯ ಗೂಡು ತೆಗೆದ ಎಂಬುದೇ ಹೆಚ್ಚು. ತಾತನ ಗೂಡುಗಳಿಗೆ ಒಂದೊಂದು ಗೀಟು ಹಾಕಿ ಬೇಸಿಗೆಯ ಕೊನೆಗೆ ಎಣಿಸಿ ಅವನಿಗೆ ಹೇಳುತ್ತಿದ್ದೆ. ಅವನು ಪರೀಕ್ಷೆ ಪಾಸಾದವನ ಹಾಗೆ ಎದೆಯುಬ್ಬಿಸುತ್ತಿದ್ದ.

ನಾನು ಎಂಟನೇ ತರಗತಿಯಲ್ಲಿದ್ದಾಗ ಅವ್ವನಿಗೆ ಮೊದಲ ಸಲ ಕಡಜ ಕಚ್ಚಿತು. ಒಂದೇ ಒಂದು. ಬಟ್ಟೆ ಒಣಹಾಕುತ್ತಿದ್ದಾಗ ಮುಂಗೈಗೆ. ಗಲ್ಲಿಯಲ್ಲಿ ಎಷ್ಟೋ ಜನರಿಗೆ ಕಚ್ಚಿತ್ತು. ಸುಣ್ಣ ಹಚ್ಚಿ, ಉಳ್ಳಾಗಡ್ಡಿ ತಿಕ್ಕಿ, ಎರಡು ದಿನ ನರಳಿ ಸುಮ್ಮನಾಗುತ್ತಿದ್ದರು. ಅವ್ವನ ಮೈ ಹಾಗಲ್ಲ ಎಂದು ಅವತ್ತೇ ಗೊತ್ತಾಗಿದ್ದು. ಕೈ ನೋಡುತ್ತಿದ್ದಂತೆ ಉಬ್ಬಿತು. ತುಟಿ ದಪ್ಪವಾಯಿತು, ಮಾತು ತೊದಲಿತು, ಉಸಿರು ಸಿಳ್ಳೆಯ ಹಾಗೆ ಬರತೊಡಗಿತು. ಹಸಿರು ಗಾಜಿನ ಬಳೆಗಳು ಊದಿದ ಕೈಗೆ ಕಚ್ಚಿಕೊಂಡು ಬೆರಳುಗಳು ನೀಲಿಯಾಗುತ್ತಿದ್ದವು. ಓಡಿಬಂದ ಹೆಂಗಸರು ಸುತ್ತ ನಿಂತರೇ ಹೊರತು ಮುತ್ತೈದೆಯ ಬಳೆ ಒಡೆಯಲು ಯಾರ ಕೈಯೂ ಮುಂದೆ ಬರಲಿಲ್ಲ. ಅಪ್ಪ ಕೆಲಸದ ಮೇಲೆ ಮಟಮಾರಿಯ ಕಡೆ ಹೋಗಿದ್ದ.

ತಾತ ಕಟ್ಟೆಯಿಂದ ಇಳಿದು ಬಂದ. "ಸರೀರಿ ಅತ್ಲಾಗ. ಬಳಿ ಪ್ಯಾಟ್ಯಾಗ ಸಿಗ್ತಾವ" ಎಂದು, ಒಂದು ಕಲ್ಲು ತೆಗೆದುಕೊಂಡು ಬಳೆಗಳನ್ನು ಒಂದೊಂದಾಗಿ ಒಡೆದ. ಒಂದು ಚೂರೂ ಅವಳಿಗೆ ಚುಚ್ಚಲಿಲ್ಲ. ಆಮೇಲೆ ಅವಳನ್ನು ಎರಡೂ ತೋಳಿನಲ್ಲಿ ಎತ್ತಿ ಆಟೋದಲ್ಲಿ ಕೂರಿಸಿ ಆಸ್ಪತ್ರೆಗೆ ಒಯ್ದ. ನಾನು ಅವನ ಪಕ್ಕದಲ್ಲಿ ಕುಳಿತು ಅಳುತ್ತಿದ್ದೆ. ಡಾಕ್ಟರು ಇಂಜೆಕ್ಷನ್ ಕೊಟ್ಟು, ಅವ್ವ ಕಣ್ಣು ಬಿಟ್ಟ ಮೇಲೆ, ಹೊರಗೆ ಬಂದು ಹೇಳಿದ್ದು ತಾತನಿಗೇ: ಇವರಿಗೆ ಈ ಹುಳದ ವಿಷ ಆಗುವುದಿಲ್ಲ, ಇನ್ನೊಮ್ಮೆ ಕಚ್ಚಿದರೆ ಜೀವ ಉಳಿಯುವುದು ಕಷ್ಟ, ಜೋಪಾನ. ಡಾಕ್ಟರು ತಾತನನ್ನು ಅವ್ವನ ತಂದೆ ಎಂದು ತಿಳಿದಿದ್ದರು. ತಾತ ಅಲ್ಲ ಅನ್ನಲಿಲ್ಲ. "ಆಗ್ಲಿ ಸಾಹೇಬ್ರ" ಎಂದು ಕೈ ಮುಗಿದ.

ವಾರದ ಮೇಲೆ ಅವನು ಒಂದು ಡಜನ್ ಹಸಿರು ಬಳೆ ತಂದುಕೊಟ್ಟ. ಅವ್ವನ ತಂದೆ ಅವಳ ಮದುವೆಗಿಂತ ಮೊದಲೇ ತೀರಿಹೋಗಿದ್ದರು. ನಮ್ಮ ಕಡೆ ಬಳೆ ಬರುವುದು ತವರಿನಿಂದ. "ತವರಿನ ಬಳಿ ಅಂತ ತಿಳಕೋ ತಂಗಿ" ಎಂದು ತಾತ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವನು ಇನ್ನೂ ಒಂದು ಮಾತು ಹೇಳಿದ: "ಇನ್ನ ಮ್ಯಾಲ ಈ ಗಲ್ಲಿಯಾಗ ಹುಳ ಎಬ್ಬಿಸೋ ಮೊದ್ಲು ನಿನ್ನ ಬಾಗ್ಲಾನ ಬಡೀತೀನಿ. ನಾ ಬಡೀಲಿಲ್ಲಂದ್ರ ಹುಳ ಎದ್ದಿಲ್ಲ ಅಂತ ತಿಳಕೊಂಡು ಆರಾಮ ಇರು."

ಅವ್ವ ಆ ಮಾತನ್ನು ಹಾಗೇ ನಂಬಿದಳು. ಮೂರು ಬೇಸಿಗೆ ಅವನು ಹಾಗೇ ನಡೆದುಕೊಂಡ. ಮೊದಲ ಬಡಿತ ನಮ್ಮ ಬಾಗಿಲಿಗೆ, ಮೊದಲ ಜವಾಬು ಅವ್ವನದು. ಅವ್ವ ಜೋಳದ ರೊಟ್ಟಿ ಬಡಿಯುವಾಗ ಬಿಸಿ ರೊಟ್ಟಿಯ ವಾಸನೆಗೆ ತಾತ ಬರುತ್ತಿದ್ದ. ಹಿತ್ತಲ ಬಾಗಿಲಿನಿಂದ ಬಂದು ಒಲೆಯ ಹತ್ತಿರವೇ ಕೂರುತ್ತಿದ್ದ. "ನಮ್ಮ ಸೊಸಿ ರೊಟ್ಟಿ ಬಡಿದ್ರ ಅದರಾಗ ಚಪ್ಪಲಿ ಹೊಲೀಬೋದು" ಎಂದು ದೊಡ್ಡ ಸೊಸೆಯನ್ನು ಆಡಿಕೊಂಡು, ಶೇಂಗಾ ಹಿಂಡಿ, ಮೊಸರು ಹಾಕಿಸಿಕೊಂಡು ಎರಡು ರೊಟ್ಟಿ ಮುಗಿಸುತ್ತಿದ್ದ. ಹಿತ್ತಲ ಬಾಗಿಲು ಅಡುಗೆಮನೆಗೆ ಹತ್ತಿರ, ಅದಕ್ಕೇ ಹಾಗೆ ಬರುತ್ತಾನೆ ಎಂದು ನಾನು ತಿಳಿದಿದ್ದೆ...

ನಾನು ಪಿಯುಸಿ ಮೊದಲ ವರ್ಷದಲ್ಲಿದ್ದಾಗ ತಾತನ ಕಿರಿಯ ಮಗನಿಗೆ ಮಟಮಾರಿ ಕಡೆಯ ಹೆಣ್ಣು ಗೊತ್ತಾಯಿತು. ಭಾನುವಾರ ನಿಶ್ಚಯ, ಬೇವಿನ ಮರದ ಕೆಳಗೇ ಊಟ. ಆ ಮರದ ಪೊಟರೆಯಲ್ಲಿ ಆ ವರ್ಷ ದೊಡ್ಡ ಗೂಡು ಕಟ್ಟಿತ್ತು. ಶನಿವಾರ ಹೊತ್ತು ಮುಳುಗಿದ ಮೇಲೆ ತೆಗೆಯುತ್ತೇನೆ ಎಂದು ತಾತ ಶುಕ್ರವಾರವೇ ಬಂದು ಅವ್ವನಿಗೆ ಹೇಳಿ ಹೋಗಿದ್ದ. "ಬಡೀತೀನಿ, ಆವಾಗ ಹಾಕ್ಕೋ" ಎಂದಿದ್ದ.

ಬೀಗರು ಭಾನುವಾರದ ಬದಲು ಶನಿವಾರ ಮಧ್ಯಾಹ್ನವೇ ಜೀಪು ಮಾಡಿಕೊಂಡು ಬಂದುಬಿಟ್ಟರು. ಇದು ನನಗೆ ಗೊತ್ತಿರಲಿಲ್ಲ. ನಾನು ಟ್ಯೂಷನ್ನಿಗೆ ಹೋಗಿದ್ದೆ.

ನಾಲ್ಕು ಗಂಟೆಯ ಬಿಸಿಲಿನಲ್ಲಿ ಸೈಕಲ್ಲು ತಳ್ಳುತ್ತಾ ಗಲ್ಲಿಯ ಬಾಯಿಗೆ ಬಂದಾಗ ಮೊದಲು ಕಂಡಿದ್ದು ಹೊಗೆ. ಬೇವಿನ ಮರದ ಬುಡದಲ್ಲಿ ತಾತ ಬೊಂಬು ಹಿಡಿದು ನಿಂತಿದ್ದ. ಎಲ್ಲ ಮನೆಗಳ ಬಾಗಿಲು ಹಾಕಿತ್ತು. ನಮ್ಮದೊಂದೇ ತೆರೆದಿತ್ತು. ಪರದೆ ಗಾಳಿಗೆ ಅಲುಗಾಡುತ್ತಿತ್ತು. ಅವ್ವ ಅಂಗಳದ ಹೊರಸಿನ ಮೇಲೆ ಒಣಗಿದ ಸಂಡಿಗೆಯನ್ನು ತಟ್ಟೆಗೆ ತುಂಬುತ್ತಿದ್ದಳು. ಹೊಗೆಗೆ ಅವಳ ಬೆನ್ನಿತ್ತು.

"ಅವ್ವಾ, ಒಳಗ ಹೋಗಽ!" ಎಂದು ಕಿರುಚಿದೆ. ಅವಳು ನನ್ನ ದನಿ ಕೇಳಿ ತಿರುಗಿ, ಯಾಕೆ ಎಂಬಂತೆ ನೋಡಿದಳು. ಅಷ್ಟರಲ್ಲಿ ಅವು ಬಂದವು. ಮೇಯಲು ಹೋಗಿದ್ದ ಹುಳುಗಳೂ ಹಗಲಾದ್ದರಿಂದ ಹೊರಗೇ ಇದ್ದವು. ಗೂಡು ಸುಡುವುದನ್ನು ಕಂಡು ಗಲ್ಲಿಯ ತುಂಬ ಸುತ್ತಿದವು, ಹೊಗೆಯ ಆಚೆ ಹತ್ತಿರದಲ್ಲಿ ಸಿಕ್ಕಿದ ಜೀವದ ಮೇಲೆ ಇಳಿದವು. ತಟ್ಟೆ ಬಿತ್ತು. ನಾನು ಸೈಕಲ್ಲು ಎಸೆದು ಓಡಿ, ಹೊರಸಿನ ಮೇಲೆ ಹಾಸಿದ್ದ ಹಳೆ ಸೀರೆಯನ್ನು ಅವಳಿಗೆ ಸುತ್ತಿ ಒಳಗೆ ಎಳೆದುಕೊಂಡೆ. ನನಗೂ ಕಚ್ಚಿದವು, ಎಲ್ಲೆಲ್ಲಿ ಎಂದು ಆಗ ತಿಳಿಯಲಿಲ್ಲ.

ಬಾಗಿಲು ಹಾಕುವ ಮೊದಲು ತಾತನನ್ನು ನೋಡಿದೆ. ಅವನೂ ನಮ್ಮನ್ನು ನೋಡಿದ. ನಮ್ಮ ಕಡೆ ಕಾಲೆತ್ತಿದ್ದು ನಿಜ. ಅವನ ಮನೆಯ ಬಾಗಿಲಿನಿಂದ ಯಾರೋ ದಪ್ಪ ದನಿಯವರು, "ಬೀಗರ, ಬರ್ರಿ ಒಳಗ, ಹುಳ ಅದಾವ" ಎಂದು ಕರೆದರು. ಅವನು ಬೊಂಬು ಕೆಳಗೆ ಹಾಕಿ ಒಳಗೆ ಹೋದ. ಬಾಗಿಲು ಮುಚ್ಚಿತು.

ಅವ್ವನ ಬಳೆ ಒಡೆದವಳು ಈ ಸಲ ನಾನು. ತಾತ ತಂದುಕೊಟ್ಟ ಬಳೆಗಳಲ್ಲಿ ಉಳಿದವು ಅವು, ಹಬ್ಬಕ್ಕೆಂದು ಎತ್ತಿಟ್ಟಿದ್ದನ್ನು ಮರುದಿನದ ತಾತನ ಮನೆಯ ಶುಭಕಾರ್ಯಕ್ಕಾಗಿ ಅವತ್ತು ಬೆಳಗ್ಗೆಯೇ ಹಾಕಿಕೊಂಡಿದ್ದಳು. ರುಬ್ಬುವ ಗುಂಡಿನಿಂದ ಒಡೆದೆ. ನನ್ನ ಕೈ ತಾತನ ಕೈಯ ಹಾಗೆ ಹಗುರವಲ್ಲ, ಎರಡು ಕಡೆ ರಕ್ತ ಬಂತು. ಗಲ್ಲಿಯ ಬಾಯಿಯಲ್ಲಿ ನಿಲ್ಲುವ ಆಟೋದವನಿಗೆ ಫೋನು ಮಾಡಿದೆ. ಅವನು ಎರಡೂ ಕಡೆ ಪರದೆ ಇಳಿಸಿಕೊಂಡು ಆಟೋವನ್ನು ಬಾಗಿಲಿಗೇ ಹಚ್ಚಿದ.

ಅವ್ವ ಮರುದಿನ ಮಧ್ಯಾಹ್ನ ಕಣ್ಣು ತೆರೆದಳು. ಅಲ್ಲಿಯವರೆಗೆ ಡಾಕ್ಟರು ಏನೂ ಹೇಳುತ್ತಿರಲಿಲ್ಲ. ಅಪ್ಪ ಗೋಡೆಗೆ ಒರಗಿ ನಿಂತವನು ಕುಳಿತೇ ಇರಲಿಲ್ಲ. ಊದಿದ ತುಟಿಯಲ್ಲಿ ಅವಳು ಮೊದಲು ಹೇಳಿದ ಮಾತು ನನಗೆ ಸರಿಯಾಗಿ ನೆನಪಿದೆ. "ತಾತ ಬಡೀಲೇ ಇಲ್ಲಲ್ಲ..." ಸಿಟ್ಟಿನಿಂದಲ್ಲ, ಆಶ್ಚರ್ಯದಿಂದ. ಸ್ವಲ್ಪ ತಡೆದು, "ಪಾಪ, ಆರಾಮ ಇಲ್ಲೇನೋ ಅವಗ. ಮತ್ಯಾರಾರ ಹಚ್ಚಿರಬೇಕು" ಎಂದಳು.

ಬೆಂಕಿ ಹಚ್ಚಿದ್ದು ಬೇರೆ ಯಾರೋ, ತಾತ ಹುಷಾರಿಲ್ಲದೆ ಮಲಗಿರಬೇಕು ಎಂದು ಅವಳು ಅಂದುಕೊಂಡಿದ್ದಳು.

ಸಂಜೆ ತೆಲುಗು ಆಂಟಿ ಇಡ್ಲಿ ಡಬ್ಬಿ ಹಿಡಿದುಕೊಂಡು ಬಂದಳು. ವರಾಂಡದಲ್ಲಿ ನನ್ನ ಪಕ್ಕ ಕುಳಿತು ಎಲ್ಲ ಹೇಳಿದಳು. ಬೀಗರು ಕಟ್ಟೆಯ ಮೇಲೆ ಕುಳಿತು ಪಾನಕ ಕುಡಿಯುತ್ತಿದ್ದರಂತೆ. ಬೆಲ್ಲದ ವಾಸನೆಗೆ ಹುಳುಗಳು ಲೋಟದ ಸುತ್ತ ಬಂದವಂತೆ. ಹೆಣ್ಣಿನ ಸೋದರಮಾವ, "ಏನ್ರೀ ಬೀಗರ, ನಮ್ಮ ಹುಡುಗೀನ ಮನಿಗೆ ಕೊಡಾಕತ್ತೀವೋ, ಹುಳದ ಗೂಡಿಗೆ ಕೊಡಾಕತ್ತೀವೋ?" ಎಂದು ಎಲ್ಲರ ಮುಂದೆ ನಗಾಡಿದನಂತೆ. ತಾತನ ಮುಖ ಕೆಂಪಾಯಿತು. ಹೊತ್ತು ಮುಳುಗುವ ತನಕ ಕಾಯಲಿಲ್ಲ. ಆಗಲೇ ಎದ್ದು ಬೊಂಬು ತರಿಸಿದ.

"ನಮ್ಮ ಮನಿಗೆ ಬಂದಿಲ್ಲ ಆಂಟಿ" ಎಂದೆ.

"ಕೂಗಿದ್ನಮ್ಮಾ, ನಾ ಕೇಳೀನಿ. ನಮ್ಮ ಬಾಗ್ಲ ಬಡದ, ಆ ಮುದುಕಿ ಕಿಟಕಿ ಬಡದ, ಎಲ್ಲಾರ್ದೂ ಬಡದ. ನಿಮ್ಮ ಕಡೆ ಮಾರಿ ಮಾಡಿ ಗಿಡದ ಬುಡದಾಗಿಂದ್ಲೇ ಒದರಿದ. ಬೀಗರು ಕುಂತು ನೋಡಾಕತ್ತಿದ್ರಲ್ಲಾ... ಅವರ ಎದುರಿಗೆ ನಿಮ್ಮ ಮನಿ ಬಾಗ್ಲಿಗೆ ಹೆಂಗ ಬರ್ತಾನ? ಹುಡುಗನ ಲಗ್ನದ ಮಾತಲ್ಲೇನಮ್ಮಾ." ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಸರಿಸಿದಳು. "ಆರೋಕಿಂತ ಮೊದ್ಲು ತಿನ್ನು."

ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಹೇಳುವವಳ ಹಾಗೆ ಹೇಳಿದಳು. ತಾತ ಕೂಗಿದ ಹೊತ್ತಿನಲ್ಲಿ ಅವ್ವ ಒಳಗೆ ಮಿಕ್ಸರಿನಲ್ಲಿ ಒಣಮೆಣಸಿನಕಾಯಿ ಪುಡಿ ಮಾಡುತ್ತಿದ್ದಳು. ಮರದ ಬುಡದಿಂದ ಕೂಗಿದ್ದು ಅವಳಿಗೆ ಹೇಗೆ ಕೇಳಬೇಕು? ಬಾಗಿಲು ಬಡಿದ ಸದ್ದಿಲ್ಲ ಎಂಬ ಒಂದೇ ಧೈರ್ಯದ ಮೇಲೆ ಅವಳು ಅಂಗಳಕ್ಕೆ ಹೋಗಿದ್ದಳು.

ಇಡ್ಲಿ ನುಂಗುವಾಗ ನನಗೆ ಹಳೆಯದೆಲ್ಲ ಒಂದೊಂದಾಗಿ ಕಾಣತೊಡಗಿತು. ಮೂರು ವರ್ಷ ತಾತ ರೊಟ್ಟಿಗೆ ಬಂದಿದ್ದು ಹಿತ್ತಲ ಬಾಗಿಲಿನಿಂದ. ಹಬ್ಬದ ದಿನ ಗಲ್ಲಿಯಲ್ಲಿ ನೆಂಟರು ಓಡಾಡುತ್ತಿದ್ದರೆ ಬರುತ್ತಲೇ ಇರಲಿಲ್ಲ. ಬಳೆ ತಂದಿದ್ದೂ ಹಿತ್ತಲಿನಿಂದ. ಅವ್ವನನ್ನು ಆಸ್ಪತ್ರೆಗೆ ಒಯ್ದ ದಿನ ಸಂಜೆ ಅವನು ಮನೆಯೊಳಗೆ ಹೋಗುವ ಮೊದಲು ಹೊರಗಿನ ಕಲ್ಲಿನ ಮೇಲೆ ನಿಂತು ತಲೆಯ ಮೇಲೆ ನೀರು ಸುರಿದುಕೊಂಡಿದ್ದ. ಆಸ್ಪತ್ರೆಯಿಂದ ಬಂದವರು ಯಾರಾದರೂ ಸ್ನಾನ ಮಾಡುತ್ತಾರೆ, ಅಷ್ಟೇ ಇರಬಹುದು. ಆದರೆ ಅಷ್ಟೇ ಎಂದು ನಂಬಲು ಇನ್ನು ನನ್ನಿಂದ ಆಗದು. ನಾವು ನಂಬಿದವರು ಒಂದು ಸಲ ಕೈಬಿಟ್ಟರೆ ಆ ಒಂದು ದಿನ ಮಾತ್ರ ಹೋಗುವುದಿಲ್ಲ, ಹಿಂದಿನ ಒಳ್ಳೆಯ ದಿನಗಳನ್ನೂ ಎತ್ತಿ ಎತ್ತಿ ನೋಡಬೇಕಾಗುತ್ತದೆ.

ಅವ್ವ ಮನೆಗೆ ಬಂದು ನಾಲ್ಕೈದು ದಿನವಾಗಿತ್ತು. ಸಂಜೆ ಹಿತ್ತಲ ಬಾಗಿಲ ಹತ್ತಿರ ಕೆಮ್ಮು ಕೇಳಿಸಿತು. ತೆರೆದೆ. ತಾತ ಒಂದು ಚೀಲದಲ್ಲಿ ಎಳನೀರು ಹಿಡಿದು ನಿಂತಿದ್ದ.

"ಹೆಂಗದಾಳ ಯವ್ವಾ ನಿಮ್ಮವ್ವ?"

"ಅದಾಳ."

"ನಾ ಕೂಗಿದ್ನೆವ್ವಾ. ದೇವರಾಣಿ, ಕೂಗೀನಿ ನಾ."

"ಜವಾಬು ಬಂತೇನು ತಾತ?"

ಅವನು ಎಳನೀರಿನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ನನಗೆ ಅಳು ಬರುತ್ತಿತ್ತು. ಆದರೂ ಹೇಳಬೇಕಾದ್ದನ್ನು ಹೇಳಿದೆ.

"ಮುಂದಿನ ಬಾಗ್ಲಿಂದ ಬಾ ತಾತ. ಅವ್ವ ಅಲ್ಲೇ ಮಲಗ್ಯಾಳ."

ಹಿತ್ತಲ ಬಾಗಿಲು ಮುಚ್ಚಿ, ಮನೆಯೊಳಗಿನಿಂದ ನಡೆದು ಹೋಗಿ ಮುಂದಿನ ಬಾಗಿಲನ್ನು ಪೂರ್ತಿ ತೆರೆದು ನಿಂತೆ. ಎರಡು ಮನೆಗಳ ನಡುವಿನ ಸಂದಿಯಿಂದ ತಾತ ಗಲ್ಲಿಗೆ ಬಂದ. ಎದುರಿಗೆ ಅವನ ಮನೆಯ ಮುಂದೆ ಮದುವೆಯ ಹಂದರಕ್ಕೆ ಗಳ ನೆಡುತ್ತಿದ್ದರು. ಹೆಣ್ಣಿನ ಸೋದರಮಾವ ಕಟ್ಟೆಯ ಮೇಲೆ ಕುಳಿತು, ಆ ಗಳ ಸೊಟ್ಟಗಿದೆ, ಈ ಗಳ ಸೊಟ್ಟಗಿದೆ ಎನ್ನುತ್ತಿದ್ದ. ತಾತ ನನ್ನನ್ನು ನೋಡಿದ. ಬುದ್ಧನ ಪಟ ನನ್ನ ಹಿಂದೆ ಕಾಣುತ್ತಿದ್ದಿರಬೇಕು. ಅವನು ಬರುತ್ತಾನೆ ಎಂದು ನಾನು ನಿಜವಾಗಿ ಅಂದುಕೊಂಡಿದ್ದೆ. ಗಲ್ಲಿ ಅಷ್ಟು ಅಗಲವೇನಲ್ಲ...

ಅವನು ತಲೆ ತಗ್ಗಿಸಿ ತನ್ನ ಮನೆಯ ಕಡೆ ನಡೆದ. "ಎಳನೀರ ಯಾರಿಗ್ರೀ ಬೀಗರ?" ಎಂದು ಆ ಮನುಷ್ಯ ಕೇಳಿದ್ದು ಕೇಳಿಸಿತು. "ನಿಮಗಾರೀ" ಎಂದ ತಾತ.

ಹಾಸಿಗೆಯಿಂದ ಅವ್ವ, "ತಾತನ ದನಿ ಕೇಳ್ದಂಗಾತಲ್ಲ" ಎಂದಳು.

"ಹೋದ" ಎಂದೆ.

ಆ ವರ್ಷವೇ ಅಪ್ಪ ಮಾನ್ವಿಗೆ ವರ್ಗ ಕೇಳಿ ಪಡೆದ. ಸಾಮಾನು ಲಾರಿಗೆ ಹೇರುವ ದಿನ ಗಲ್ಲಿಯವರೆಲ್ಲ ಬಂದರು. ಕಿವಿ ಕೇಳದ ಮುದುಕಿ ಅವ್ವನ ಗಲ್ಲ ಹಿಡಿದು ಅತ್ತಳು. ತಾತ ಬರಲಿಲ್ಲ. ಆಮೇಲೆ ನಾನು ಓದು, ಪರೀಕ್ಷೆ, ನೌಕರಿ ಎಂದು ಊರೂರು ತಿರುಗಿದೆ. ರಾಯಚೂರಿನ ಬಸ್ ನಿಲ್ದಾಣದಲ್ಲಿ ಎಷ್ಟೋ ಸಲ ಇಳಿದು ಹತ್ತಿದ್ದೇನೆ. ಆ ಗಲ್ಲಿಗೆ ಹೋಗಿಲ್ಲ. ಹೋದರೆ ತಾತನಿಗೆ ಕೇಳಬೇಕೆಂದು ಒಂದು ಮಾತು ಇಟ್ಟುಕೊಂಡಿದ್ದೆ. ಕೂಗಿದೆಯೋ ಇಲ್ಲವೋ ಎಂದಲ್ಲ. ಅವ್ವ ಅಂಗಳದಲ್ಲಿ ಬಿದ್ದಾಗ ಬಾಗಿಲು ಮುಚ್ಚಿಕೊಂಡೆಯಲ್ಲ, ಒಳಗೆ ಏನು ಮಾಡುತ್ತಿದ್ದೆ ತಾತ? ಬೀಗರ ಜೊತೆ ಕುಳಿತು ಮಾತಾಡಿದೆಯಾ? ಯಾವ ಮಾತಾಡಿದೆ?

ನಿನ್ನೆ ಶನಿವಾರ. ಅರ್ಧ ದಿನದ ಶಾಲೆ ಮುಗಿಸಿ ಮಾನ್ವಿಯ ಬಸ್ಸು ಹತ್ತಿದೆ. ನಾನು ಹೋದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈಕಾಲು ತೊಳೆದುಕೊಂಡು ಅವಳ ಪಕ್ಕ ಕುಳಿತೆ. ಅವಳು ನನ್ನ ಮುಖ ನೋಡದೆ ಹೇಳಿದಳು.

"ಆವತ್ತ ಫೋನಿನ್ಯಾಗ ಹೇಳಾಕ ಬಾಯಿ ಬರಲಿಲ್ಲ. ತಾತ ಹೋದ."

"ಯಾವಾಗ?"

"ಹೋಳಿ ಹುಣ್ಣಿಮಿ ಮುಂದ. ಆ ತೆಲುಗಿನಾಕಿ ಫೋನ್ ಮಾಡಿದ್ಲು." ರೊಟ್ಟಿಯನ್ನು ಹೆಂಚಿಗೆ ಹಾಕಿ ನೀರು ಸವರಿದಳು. "ನಾ ಮಣ್ಣಿಗೆ ಹೋಗಿದ್ದೆ."

ಹೋಳಿ ಹುಣ್ಣಿಮೆ ಕಳೆದು ಎಷ್ಟೋ ದಿನವಾಗಿದೆ. ಅವಳು ಒಬ್ಬಳೇ ಬಸ್ಸು ಹತ್ತಿ ರಾಯಚೂರಿಗೆ ಹೋಗಿ ಬಂದಿದ್ದಾಳೆ. ದಿನಾ ನನ್ನ ಜೊತೆ ಫೋನಿನಲ್ಲಿ ಮಾತಾಡಿದ್ದಾಳೆ.

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಬಿಡತಿದ್ದೇನು ನನ್ನ?"

ನಾನು ತಟ್ಟೆ ತೆಗೆದು ಮುಂದಿಟ್ಟುಕೊಂಡೆ.

"ನೀ ಬರೇ ಒಂದಽ ದಿನ ಎಣಿಸ್ತಿ. ಮೊದಲ್ನೇ ಸಲ ಎತ್ತಿಕೊಂಡು ಓಡಿದಾಂವ ಯಾರು? ಅದನ್ನೂ ಎಣಿಸಬೇಕಲ್ಲೇ. ಗಣಿತದ ಟೀಚರ್ ಅಂತ, ನೋಡು."

ನಗಿಸಲು ಹೇಳಿದಳು. ನನಗೆ ನಗು ಬರಲಿಲ್ಲ. ತಾತ ಇಲ್ಲ ಎಂಬುದು ಆಗಷ್ಟೇ ಒಳಗೆ ಇಳಿಯುತ್ತಿತ್ತು. ಇಟ್ಟುಕೊಂಡಿದ್ದ ಮಾತನ್ನು ಇನ್ನು ಯಾರಿಗೆ ಕೇಳಲಿ? ಸಿಟ್ಟು ಮಾಡಿಕೊಳ್ಳಲಾದರೂ ಒಬ್ಬ ತಾತ ರಾಯಚೂರಿನಲ್ಲಿ ಇದ್ದಾನೆ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆನೆ? ಒಲೆಯ ಝಳಕ್ಕೆ ಕಣ್ಣು ಉರಿಯುತ್ತಿತ್ತು.

"ಹೊಸಾ ಧೋತರ ಒಯ್ದಿದ್ದೆ" ಎಂದಳು ಅವ್ವ.

ತಂದೆ ಸತ್ತರೆ ಮಗಳು ಹೊಸ ಬಟ್ಟೆ ಒಯ್ದು, ಮಣ್ಣಿಗೆ ಒಯ್ಯುವ ಮೊದಲು ತನ್ನ ಕೈಯಿಂದಲೇ ಹೊದಿಸುವುದು ನಮ್ಮ ಕಡೆಯ ಪದ್ಧತಿ.

"ಹೊದಿಸಿದಿ?"

"ತಾತನ್ನ ಗಿಡದ ಕೆಳಗ ಕುಂಡ್ರಿಸಿದ್ರು. ಮಂದಿ ಬಾಳ ಇದ್ರು, ಬೀಗರೆಲ್ಲ ಬಂದಿದ್ರು. ನಾ ಮುಂದ ಹೋಗೋದ್ರಾಗ ಅವನ ಸಣ್ಣ ಮಗ ಎದ್ದು ಬಂದ. ಛಲೋ ಮಾತಾಡಿಸಿದ, ಆರಾಮೇನಕ್ಕಾ ಅಂದ. 'ಕೊಡ್ರಿ ಇತ್ಲಾಗ, ನಾ ಹೊದಿಸ್ತೀನಿ' ಅಂತ ಧೋತರ ಈಸ್ಕೊಂಡ."

"ಹೊದಿಸಿದನೇನು?"

ಅವ್ವ ಹೆಂಚಿನ ಮೇಲಿನ ರೊಟ್ಟಿಯನ್ನು ತಿರುವಿದಳು. ಅದು ಉಬ್ಬಿತು. ಬಟ್ಟೆಯಿಂದ ಒತ್ತಿದಳು.

"ಬಾಜು ಕಟ್ಟಿ ಮ್ಯಾಲ ಇಟ್ಟ. ನಾ ಇರೋತನ ಅಲ್ಲೇ ಇತ್ತು..." ಎಂದಳು. ರೊಟ್ಟಿ ತೆಗೆದು ನನ್ನ ತಟ್ಟೆಗೆ ಹಾಕಿ, ಮತ್ತೊಂದು ಹಿಟ್ಟಿನ ಉಂಡೆಯನ್ನು ಕೈಗೆ ತೆಗೆದುಕೊಂಡಳು. "ಆಮ್ಯಾಲ ಹೊದಿಸಿರ್ತಾನ ಬಿಡು."

ನಾನು ಹೂಂ ಅಂದೆ.